ಗದ್ದೆಯಂಚಿನ ಸೈನ್ಯದ ಲಾರಿ

ಇಂದಾಪುರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಿಕರ ಕಬ್ಬಿನ ಗದ್ದೆಯಂಚಿನಲ್ಲಿ ಸೈನ್ಯದ ಹಳೆಯ ಲಾರಿಯೊಂದು ನಿಂತಿತ್ತು. ಅವರ ತಂದೆ ಹರಾಜಿನಲ್ಲಿ ಹಿಡಿದದ್ದಂತೆ. ಗುಜರಿಯವನು ಆಗಲೇ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿ ಹೋಗಿದ್ದ. ಮಾಲಿಕರಿಗೋ ಇದು ಮಹಾಯುದ್ಧದ ಅಮೆರಿಕನ್ ಲಾರಿಯೆಂಬ ಹೆಮ್ಮೆ.

ಬಣ್ಣ ಕೆರೆದು ನೋಡಿದೆವು. ಸೈನ್ಯದ ನಂಬರಿನಲ್ಲಿ ಮೊದಲು ಮೇಲ್ಮುಖದ ಬಾಣ, ಅದರ ಬಳಿಕ ವಾಹನ ಕೊಂಡ ವರ್ಷದ ಕೊನೆಯ ಎರಡು ಅಂಕಿ ಇರುತ್ತವೆ. ಇಲ್ಲಿದ್ದುದು 74! ಮಹಾಯುದ್ಧದ ಮಾತು ಅಲ್ಲಿಗೇ ಮುಗಿಯಿತು. ತಗಡಿನ ಪಟ್ಟಿ ಉಜ್ಜಿದಾಗ ಜಬಲ್ಪುರದ ಹೆಸರು ಸಿಕ್ಕಿತು. ಜರ್ಮನಿಯ ಮಾನ್ ಕಂಪೆನಿಯ ಪರವಾನಗಿಯಿಂದ ಅಲ್ಲಿ 1996ರವರೆಗೂ ತಯಾರಾದ ಶಕ್ತಿಮಾನ್ ಲಾರಿಯಿದು. ಮಾಲಿಕರ ಮುಖ ಸ್ವಲ್ಪ ಸಪ್ಪಗಾಯಿತು. ನಮಗೇನೋ ನಮ್ಮ ದೇಶದ್ದೆಂದು ಸಂತೋಷವೇ ಆಯಿತು.

ದುರಸ್ತಿ ಮಾಡಿಸುವುದೇ? ಎಂಜಿನು ಜಾಮಾಗಿತ್ತು. ನಾವು ಗುಮಾಸ್ತರು, ಮೊದಲು ಕೇಳಿದ್ದು ಹರಾಜಿನ ಕಾಗದ. ಅದಿಲ್ಲದೆ ನೋಂದಣಿಯ ಮಾತೇ ಇಲ್ಲ. ಪುಣ್ಯಕ್ಕೆ ಟ್ರಂಕಿನಲ್ಲಿ ಸಿಕ್ಕಿತು. ಚಾಸಿಯನ್ನು ಸುತ್ತಿಗೆಯಿಂದ ತಟ್ಟಿದೆವು; ತುಕ್ಕು ಮೇಲುಮೇಲಿನದು, ಒಳಗೆ ಗಟ್ಟಿ. ಆದರೆ ಎಂಜಿನಿಗೆ ಸುರಿಯಬೇಕಾದ ಹಣ ಮಗಳ ಕಾಲೇಜಿನದೆಂದು ಮಾಲಿಕರ ಹೆಂಡತಿ ನೆನಪಿಸಿದರು. ಅದೂ ನಿಜವೇ.

ಕಬ್ಬಿನ ಬಿಲ್ಲು ಬರುವವರೆಗೆ ಮಾರುವುದಿಲ್ಲವೆಂದು ಗುಜರಿಯವನಿಗೆ ಹೇಳಿ ಕಳಿಸಿದ್ದಾಯಿತು. ಮಳೆನೀರು ಇಳಿಯದಂತೆ ಎಂಜಿನಿನ ಮೇಲೆ ತಾಡಪತ್ರಿ ಹೊದಿಸಿದ್ದೇವೆ.