ಗಾಜಿನ ಎಳೆಯ ಅಳತೆಗಾರಿಕೆ

ಠಾಣೆ–ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ, ಡೊಂಬಿವಲಿಯ ಎಂಐಡಿಸಿ ಬಡಾವಣೆಯಲ್ಲಿ, ಕಲ್ಯಾಣದ ಸುತ್ತಮುತ್ತ ಹಬ್ಬಿರುವ ಔಷಧ, ರಾಸಾಯನಿಕ, ಬಣ್ಣ ಮತ್ತು ಪ್ಯಾಕಿಂಗ್ ಕಾರ್ಖಾನೆಗಳಲ್ಲಿ ಸೀಸೆಗಳನ್ನು ಎಣಿಸುವ, ಮುಚ್ಚಳ ಕೂತಿದೆಯೇ ಎಂದು ನೋಡುವ, ಯಂತ್ರದ ಬಾಯಿಗೆ ಕೈ ಹೋದರೆ ಅದನ್ನು ನಿಲ್ಲಿಸುವ ಕೆಲಸವನ್ನು ಬಹುಮಟ್ಟಿಗೆ ಬೆಳಕಿನ ಸಂವೇದಕಗಳೇ ವಹಿಸಿಕೊಂಡಿವೆ. ಕಾರ್ಮಿಕರ ಬಾಯಲ್ಲಿ ಬರೀ ‘ಸೆನ್ಸರ್’ ಆಗಿರುವ ಈ ಸಾಧನದ ತಿರುಳು ಒಂದು ಪುಟ್ಟ ಅರೆವಾಹಕದ ಚೂರು.

ಅರೆವಾಹಕವೆಂದರೆ ಲೋಹದಷ್ಟು ಸಲೀಸಾಗಿ ವಿದ್ಯುತ್ತನ್ನು ಹರಿಯಗೊಡದ, ಗಾಜಿನಂತೆ ಪೂರ್ತಿ ತಡೆಯಲೂ ಆರದ ವಸ್ತು. ಅದರ ಎಲೆಕ್ಟ್ರಾನುಗಳು ಪರಮಾಣುಗಳ ಬಂಧನದಲ್ಲಿದ್ದು, ಅದರಿಂದ ಬಿಡಿಸಿಕೊಳ್ಳಲು ಬೇಕಾದಷ್ಟು ಶಕ್ತಿಯುಳ್ಳ ಬೆಳಕಿನ ಕಣ, ಅಂದರೆ ಫೋಟಾನ್, ಬಂದು ಬಡಿದಾಗ ಹೊರಬಂದು ವಿದ್ಯುತ್ ಪ್ರವಾಹಕ್ಕೆ ಸೇರುತ್ತವೆ. ಬೆಳಕು ಬಿದ್ದಾಗ ಸೆಲೆನಿಯಂ ಧಾತುವಿನ ವಿದ್ಯುತ್ ರೋಧ ಇಳಿಯುತ್ತದೆಂದು ವಿಲ್ಲೋಬಿ ಸ್ಮಿತ್ 1873ರಲ್ಲೇ ವರದಿ ಮಾಡಿದ್ದನಾದರೂ, ಬೆಳಕು ಶಕ್ತಿಯ ಪೊಟ್ಟಣಗಳಾಗಿ ಬರುತ್ತದೆಂಬ ವಿವರಣೆಗೆ 1905ರ ಐನ್‌ಸ್ಟೈನ್ ಲೇಖನದವರೆಗೆ ಕಾಯಬೇಕಾಯಿತು. ಇಂದಿನ ಫೋಟೋಡಯೋಡುಗಳಲ್ಲಿ ಹೆಚ್ಚಿನವು ಸಿಲಿಕಾನಿನವು. ಸುಮಾರು 1,100 ನ್ಯಾನೋಮೀಟರಿಗಿಂತ ಉದ್ದದ ಅಲೆಗಳು ಅವುಗಳಿಗೆ ಕಾಣಿಸುವುದಿಲ್ಲ.

ಕಾರ್ಖಾನೆಯ ಸಂವೇದಕದಲ್ಲಿ ಬೆಳಕನ್ನು ಬೀರುವ ಎಲ್ಇಡಿಯೂ ಅದನ್ನು ಹಿಡಿಯುವ ಡಯೋಡೂ ಜೊತೆಯಾಗಿರುತ್ತವೆ. ಎರಡನ್ನೂ ಎದುರುಬದುರು ನಿಲ್ಲಿಸಿ ನಡುವೆ ವಸ್ತು ಅಡ್ಡ ಬರುವುದನ್ನು ಗುರುತಿಸುವುದು ಅತ್ಯಂತ ಭರವಸೆಯ ವಿಧಾನ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ವಸ್ತುವಿನ ಮೈಯಿಂದಲೇ ಮರಳಿದ ಬೆಳಕನ್ನು ಓದುವುದು ಅಗ್ಗದ ವಿಧಾನ, ಆದರೆ ಕಪ್ಪು ವಸ್ತು ಬಂದಾಗ ಅದು ಎಡವುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲನ್ನು ತನ್ನದೇ ಬೆಳಕೆಂದು ಭ್ರಮಿಸದಿರಲು ಎಲ್ಇಡಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಿನುಗಿಸಿ, ಅದೇ ಲಯದಲ್ಲಿ ಬಂದ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಉಪಾಯವೂ ಇದರೊಳಗಿದೆ. ಬಿಸ್ಕತ್ತು, ಶಾಂಪೂ ಪೊಟ್ಟಣಗಳ ಅಂಚಿನಲ್ಲಿ ಕಾಣುವ ಸಣ್ಣ ಕಪ್ಪು ಚೌಕ ಅಲಂಕಾರಕ್ಕಾಗಿ ಇರುವುದಲ್ಲ. ಓಡುತ್ತಿರುವ ಹಾಳೆಯನ್ನು ಎಲ್ಲಿ ಕತ್ತರಿಸಬೇಕೆಂದು ಸಂವೇದಕಕ್ಕೆ ಹೇಳುವ ಗುರುತು ಅದು.

ಯಂತ್ರದೊಳಗೆ ಜಾಗ ಕಿರಿದಾಗಿರುವಲ್ಲಿ, ಅಥವಾ ತಾಪ ವಿಪರೀತವಾಗಿರುವಲ್ಲಿ, ಎಲೆಕ್ಟ್ರಾನಿಕ್ ಭಾಗವನ್ನು ದೂರದಲ್ಲಿಟ್ಟು ಬೆಳಕನ್ನಷ್ಟೇ ಆಪ್ಟಿಕಲ್ ಫೈಬರಿನ ಮೂಲಕ ಕಳುಹಿಸಿ ಮರಳಿ ಪಡೆಯುವುದುಂಟು. ದೂರಸಂಪರ್ಕದ ಫೈಬರಿನಲ್ಲಿ ಸುಮಾರು 9 ಮೈಕ್ರಾನ್ ಅಗಲದ ಗಾಜಿನ ತಿರುಳಿನ ಸುತ್ತ 125 ಮೈಕ್ರಾನ್ ಅಗಲದ ಇನ್ನೊಂದು ಗಾಜಿನ ಹೊದಿಕೆ ಇದ್ದು, ಹೊದಿಕೆಯ ವಕ್ರೀಭವನ ಸೂಚ್ಯಂಕ, ಎಂದರೆ ಬೆಳಕಿನ ವೇಗವನ್ನು ತಗ್ಗಿಸುವ ಗುಣ, ತಿರುಳಿನದಕ್ಕಿಂತ ತುಸು ಕಡಿಮೆ ಇರುವುದರಿಂದ ಬೆಳಕು ಹೊರಗೆ ಸೋರದೆ ತಿರುಳಿನಲ್ಲೇ ಸಾಗುತ್ತದೆ. ಗಾಜನ್ನು ಶುದ್ಧಗೊಳಿಸಿದರೆ ಬೆಳಕನ್ನು ದೂರ ಸಾಗಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿಕೊಟ್ಟರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಎಷ್ಟು ಶುದ್ಧಗೊಳಿಸಿದರೂ ಗಾಜಿನ ಅಣುರಚನೆಯ ಏರುಪೇರಿನಿಂದ ಒಂದಿಷ್ಟು ಬೆಳಕು ಚದುರಿಯೇ ತೀರುತ್ತದೆ. ಸಂದೇಶ ಸಾಗಿಸುವ ಎಂಜಿನಿಯರಿಗೆ ಇದು ನಷ್ಟ. ಅಳತೆಯ ಎಂಜಿನಿಯರಿಗೆ ಇದೇ ಬಂಡವಾಳ.

ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆದ್ದರಿಂದ ಲೇಸರಿನ ಒಂದು ಕ್ಷಣಿಕ ಮಿಂಚನ್ನು ಒಳಗೆ ಬಿಟ್ಟು, ಅದರ ಚದುರಿದ ಅಂಶ ಮರಳಿ ಬರಲು ಹಿಡಿದ ಹೊತ್ತನ್ನು ಅಳೆದರೆ ಅದು ಎಲ್ಲಿಂದ ಮರಳಿತೆಂಬುದು ತಿಳಿಯುತ್ತದೆ: 10 ಮೈಕ್ರೋಸೆಕೆಂಡಿನಲ್ಲಿ ಬಂದದ್ದು 1 ಕಿ.ಮೀ. ದೂರದ್ದು. ಹೀಗೆ ಮರಳುವ ಬೆಳಕಿನ ಅತಿ ಸಣ್ಣ ಪಾಲೊಂದು ಬಣ್ಣ ಬದಲಿಸಿಕೊಂಡು ಬರುತ್ತದೆ, ಇದು ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ, 1930ರಲ್ಲಿ ನೊಬೆಲ್ ತಂದ ಪರಿಣಾಮವೇ. ಗಾಜಿನ ಅಣುಗಳ ಕಂಪನದಿಂದ ಶಕ್ತಿಯನ್ನು ಕಿತ್ತುಕೊಂಡು ಕಿರಿದಾದ ಅಲೆಯಾಗಿ ಬರುವ ಭಾಗ ತಾಪ ಏರಿದಂತೆ ಗಮನಾರ್ಹವಾಗಿ ಹೆಚ್ಚುತ್ತದೆ, ಶಕ್ತಿ ಕಳೆದುಕೊಂಡು ಬರುವ ಭಾಗ ಅಷ್ಟಾಗಿ ಬದಲಾಗುವುದಿಲ್ಲ. ಎರಡರ ಅನುಪಾತವೇ ಆ ಜಾಗದ ಉಷ್ಣಮಾಪಕ. 1933ರಿಂದ ಬೆಂಗಳೂರಿನಲ್ಲಿ ನೆಲೆಸಿದ ರಾಮನ್ನರ ಹೆಸರು ಪಠ್ಯಪುಸ್ತಕದಲ್ಲೇ ಉಳಿದಿದೆ ಎಂದು ತಿಳಿದವರು, ಸುರಂಗ ಮತ್ತು ವಿದ್ಯುತ್ ಕೇಬಲುಗಳಲ್ಲಿ ಬೆಂಕಿಯ ಸುಳಿವು ಹಿಡಿಯುವ ಈ ಬಳಕೆಯನ್ನು ಗಮನಿಸಬೇಕು.

ಇನ್ನೊಂದು ಬಗೆಯೆಂದರೆ ಫೈಬರ್ ಬ್ರಾಗ್ ಗ್ರೇಟಿಂಗ್. ಅತಿನೇರಳೆ ಬೆಳಕಿನಿಂದ ತಿರುಳಿನಲ್ಲಿ ಸಮಾನ ಅಂತರದ ಗೆರೆಗಳಂಥ ಬದಲಾವಣೆ ಮೂಡಿಸಿದರೆ, ಆ ಅಂತರಕ್ಕೆ ಹೊಂದುವ ಒಂದೇ ಬಣ್ಣ ಹಿಂದಿರುಗಿ ಉಳಿದದ್ದು ಮುಂದೆ ಹೋಗುತ್ತದೆ. ಫೈಬರ್ ಹಿಗ್ಗಿದರೆ ಗೆರೆಗಳ ಅಂತರವೂ ಹಿಗ್ಗಿ, ಮರಳುವ ಬಣ್ಣ ಸರಿಯುತ್ತದೆ: ಮೀಟರಿಗೆ ಒಂದು ಮೈಕ್ರಾನಿನ ಹಿಗ್ಗುವಿಕೆಗೆ 1,550 ನ್ಯಾನೋಮೀಟರ್ ಅಲೆಯಲ್ಲಿ ಸುಮಾರು 1.2 ಪಿಕೋಮೀಟರ್. ಒಂದು ಡಿಗ್ರಿ ತಾಪವೂ ಸುಮಾರು 10 ಪಿಕೋಮೀಟರ್ ಸರಿಸುವುದರಿಂದ, ಎಳೆತಕ್ಕೆ ಸಿಗದಂತೆ ಸಡಿಲವಾಗಿ ಬಿಟ್ಟ ಮತ್ತೊಂದು ಗ್ರೇಟಿಂಗನ್ನು ಪಕ್ಕದಲ್ಲಿಟ್ಟು ತಾಪದ ಪಾಲನ್ನು ಕಳೆಯುತ್ತಾರೆ. ಸಿಲಿಕಾನಿಗೆ ಕಾಣದ ಈ ಅಲೆಯನ್ನು ಓದಲು ಇಂಡಿಯಂ ಗ್ಯಾಲಿಯಂ ಆರ್ಸೆನೈಡಿನ ಡಯೋಡ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಗ್ರೇಟಿಂಗುಗಳ ಮೇಲೆ ಬಹುಕಾಲದ ಸಂಶೋಧನೆ ನಡೆದಿದೆ.

ಇಂಥ ಅಳತೆಗೆ ಠಾಣೆ ಜಿಲ್ಲೆಯಲ್ಲಿ ಅವಕಾಶಗಳಿಗೆ ಬರವಿಲ್ಲ. ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿಗಾಗಿ ಬಾಂದ್ರಾ–ಕುರ್ಲಾ ಸಂಕೀರ್ಣದಿಂದ ಶಿಳಫಾಟಾವರೆಗಿನ 21 ಕಿ.ಮೀ. ಸುರಂಗದಲ್ಲಿ 7 ಕಿ.ಮೀ. ಠಾಣೆ ಖಾಡಿಯ ಅಡಿಯಲ್ಲಿ ಹಾಯುತ್ತದೆ. ನವಿ ಮುಂಬಯಿಯ ಘಣಸೋಲಿಗೂ ಶಿಳಫಾಟಾಕ್ಕೂ ನಡುವಿನ ಸುಮಾರು 5 ಕಿ.ಮೀ. ಭಾಗದ ಕೊರೆತ 2025ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿ ನೆಲದ ಕುಸಿತ, ಗೋಡೆಯ ಎಳೆತ, ಕಂಪನಗಳ ಮೇಲೆ ಕಣ್ಣಿಡಲು ಬೆಳಕಿನ ಸ್ಥಾನಾಂತರ ಸಂವೇದಕಗಳು, ಎಳೆತಮಾಪಕಗಳು, ಕಂಪನಮಾಪಕಗಳು ಬಳಕೆಯಾದವು. ಕಂಪನದ ವಿಷಯದಲ್ಲಂತೂ ಹಳಿಯ ಪಕ್ಕದ ಫೈಬರೇ ಸಾಕೆಂಬುದನ್ನು ಈಶಾನ್ಯ ಗಡಿ ರೈಲ್ವೆ ಆನೆಗಳ ಹೆಜ್ಜೆಯನ್ನು ಗುರುತಿಸುವುದರಲ್ಲಿ ತೋರಿಸಿದೆ.

ಡೊಂಬಿವಲಿಯ ಮಾತು ಬೇರೆ. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇಲ್ಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಪ್ರತಿಬಾರಿಯೂ ಹತ್ತಕ್ಕೂ ಹೆಚ್ಚು ಜನ ಸತ್ತರು. ಸಂವೇದಕವಿದ್ದರೆ ಇವು ತಪ್ಪುತ್ತಿದ್ದವೆಂದು ಹೇಳಲಾಗದು. ಆದರೆ ಉರಿಯುವ ಆವಿ ತುಂಬಿದ ತೊಟ್ಟಿಯ ಪಕ್ಕ ವಿದ್ಯುತ್ ತಂತಿ ಎಳೆಯುವುದಕ್ಕಿಂತ, ಕಿಡಿ ಹಾರಿಸದ, ಸಿಡಿಲಿಗೂ ಮೋಟಾರುಗಳ ಕಾಂತಕ್ಷೇತ್ರಕ್ಕೂ ಬೆದರದ ಗಾಜಿನ ಎಳೆಯನ್ನು ಎಳೆಯುವುದು ಮೇಲು. ಇದರ ದೊಡ್ಡ ಕೊರತೆ ಬೆಲೆ. ಎಳೆ ಅಗ್ಗ, ಅದನ್ನು ಓದುವ ಯಂತ್ರ ದುಬಾರಿ. ಹಾಗಾಗಿ ಸೀಸೆ ಎಣಿಸುವ ಕಾರ್ಖಾನೆಗೆ ಸಾಮಾನ್ಯ ಫೋಟೋ ಸೆನ್ಸರ್ ಧಾರಾಳವಾಗಿ ಸಾಕು. ಒಂದೇ ಓದುವ ಯಂತ್ರಕ್ಕೆ ನೂರಾರು ಅಳತೆಯ ಬಿಂದುಗಳು ಸೇರುವ ಸುರಂಗ, ದೊಡ್ಡ ರಾಸಾಯನಿಕ ಘಟಕ ಮತ್ತು ಉದ್ದನೆಯ ಕೇಬಲುಗಳಲ್ಲಿ ಮಾತ್ರ ಫೈಬರಿಗೆ ಹಾಕಿದ ಹಣ ಹುಟ್ಟುತ್ತದೆ.