ಗುಂಡಿ ಒತ್ತಿದರೆ ಹಾಲಿನ ಕ್ಯಾನು

ನ್ಯೂಯಾರ್ಕಿನ ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ಲಯನೆಲ್ ಕಂಪನಿ ಕಟ್ಟಿ ಮೊದಲು ತಯಾರಿಸಿದ ರೈಲು ಮಕ್ಕಳ ಆಟಕ್ಕೆಂದು ಮಾಡಿದ್ದಲ್ಲ. ಚಾವಣಿಯಿಲ್ಲದ ಮರದ ಗೂಡ್ಸ್ ಡಬ್ಬಿ, ಅಡಿಯಲ್ಲೊಂದು ಪುಟ್ಟ ಮೋಟಾರು. ಅಂಗಡಿಯ ಗಾಜಿನ ಹಿಂದೆ ಅದು ಸುತ್ತು ಹೊಡೆಯುತ್ತಿದ್ದರೆ ದಾರಿಹೋಕರು ನಿಲ್ಲುತ್ತಾರೆ, ನಿಂತವರು ಒಳಗೆ ಬಂದು ಸರಕು ಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. ಗಿರಾಕಿಗಳು ಸರಕು ಬಿಟ್ಟು ಗಾಡಿಯನ್ನೇ ಕೇಳತೊಡಗಿದರಂತೆ. ಲಯನೆಲ್ ಚರಿತ್ರೆ ಬರೆದವರೆಲ್ಲ ಹೇಳುವ ಈ ಕಥೆಗೆ ತುಸು ಬಣ್ಣ ಸೇರಿರಬಹುದು. ಆದರೆ ಅಮೆರಿಕದ ಅತಿ ಪ್ರಸಿದ್ಧ ಆಟಿಕೆ ರೈಲು ಜಾಹೀರಾತಿನ ಸಾಧನವಾಗಿ ಹುಟ್ಟಿತು ಎಂಬುದರಲ್ಲಿ ಅನುಮಾನವಿಲ್ಲ. ಇವತ್ತು ಎಂಜಿನ್ನನ್ನೂ ಮೀರಿಸುವ ಬೆಲೆಗೆ ಬರುವ ಮೋಟಾರು ಚಾಲಿತ ಕ್ರೇನು, ಗಾಳಿಯಂತ್ರ, ಕಲ್ಲಿದ್ದಲು ಗೋಪುರ, ಟರ್ನ್‌ಟೇಬಲ್‌ಗಳನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರು ಈ ಹುಟ್ಟಿನ ಕಡೆಗೊಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು. ದಾರಿಹೋಕರನ್ನು ನಿಲ್ಲಿಸಲು ಮಾಡಿದ ಯಂತ್ರಕ್ಕೂ ಮನೆಯಲ್ಲಿ ವರ್ಷಗಟ್ಟಲೆ ಆಡಲು ಬೇಕಾದ ಯಂತ್ರಕ್ಕೂ ಬಹಳ ಅಂತರವಿದೆ. ಆದರೆ ಎರಡಕ್ಕೂ ಒಂದೇ ಕ್ಯಾಟಲಾಗು, ಹೆಚ್ಚುಕಡಿಮೆ ಒಂದೇ ಬೆಲೆ.

ರೈಲಿನ ಪಕ್ಕದ ಕಟ್ಟಡಗಳಿಗೂ ಜೀವ ಬಂದದ್ದು ಆರ್ಥಿಕ ಕುಸಿತದ ಕಾಲದಲ್ಲಿ. 1934ರಲ್ಲಿ ಲಯನೆಲ್ ದಿವಾಳಿಯ ಅಂಚಿಗೆ ಬಂದು ನ್ಯಾಯಾಲಯದ ಉಸ್ತುವಾರಿಗೆ ಒಳಗಾಗಿತ್ತು. ಮಿಕ್ಕಿ ಮೌಸ್ ಗೊಂಬೆಯ ಒಂದು ಡಾಲರಿನ ಕೀಲಿ ಗಾಡಿ ಆ ವರ್ಷ ಕೈಹಿಡಿಯಿತು. ಮರುವರ್ಷ ಬಂದವನು ಗೇಟಿನ ಕಾವಲುಗಾರ. ರೈಲು ಹತ್ತಿರ ಬಂದೊಡನೆ ಗುಡಿಸಲಿನ ಬಾಗಿಲು ತೆರೆಯುತ್ತದೆ, ಅವನು ಕಂದೀಲು ಹಿಡಿದು ಹೊರಬರುತ್ತಾನೆ. ರೈಲು ದಾಟಿದ ಮೇಲೆ ಒಳಗೆ ಸೇರಿಕೊಳ್ಳುತ್ತಾನೆ. ನಿಜ ಹೇಳಬೇಕೆಂದರೆ ಅವನೊಳಗೆ ಮೋಟಾರೇ ಇಲ್ಲ, ಇರುವುದು ತಂತಿ ಸುತ್ತಿದ ಸುರುಳಿ ಮತ್ತು ಕಬ್ಬಿಣದ ಕಡ್ಡಿ, ಅಂದರೆ ಸೊಲೆನಾಯ್ಡ್. ರೈಲಿನ ಭಾರಕ್ಕೆ ಹಳಿ ಕೂದಲೆಳೆಯಷ್ಟು ಕುಸಿದು ಸ್ವಿಚ್ಚು ಕೂಡುತ್ತದೆ, ಸುರುಳಿ ಕಡ್ಡಿಯನ್ನು ಎಳೆಯುತ್ತದೆ. ಇಷ್ಟೇ ಸರಳವಾದದ್ದರಿಂದಲೇ ಆ ಕಾವಲುಗಾರ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಳ ಕಾಲ ಮಾರಾಟವಾದ. ರೈಲು ಬಂದದ್ದಕ್ಕೇ ಅವನು ಬರುತ್ತಾನೆ, ಸುಮ್ಮನೆ ಕುಣಿಯುವುದಿಲ್ಲ. ನೋಡಿ ನೋಡಿ ಬೇಸರವಾಗದಿರಲು ಅದೇ ಕಾರಣವೆಂದು ನನಗನಿಸುತ್ತದೆ.

1938ರ ಕಲ್ಲಿದ್ದಲು ಎಲಿವೇಟರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಒಂದು ಹಳಿಯಲ್ಲಿ ಬಂದು ನಿಂತ ಡಂಪ್ ಗಾಡಿ ಮಗುಚಿಕೊಂಡು ನಕಲಿ ಕಲ್ಲಿದ್ದಲನ್ನು ತಟ್ಟೆಗೆ ಸುರಿಯುತ್ತದೆ. ಸರಪಳಿಗೆ ಕಟ್ಟಿದ ಪುಟ್ಟ ಬಕೀಟುಗಳು ಅದನ್ನು ಗೋಪುರದ ತುದಿಗೆ ಹೊರುತ್ತವೆ. ಗುಂಡಿ ಒತ್ತಿದರೆ ಆಚೆ ಬದಿಯ ಹಳಿಯಲ್ಲಿ ಕಾಯುತ್ತಿರುವ ಗಾಡಿಗೆ ಬೀಳುತ್ತದೆ. ಇದಕ್ಕೆ ನಿಜವಾದ ಮೋಟಾರು ಬೇಕು, ಬೆಲೆಯೂ ಅದಕ್ಕೆ ತಕ್ಕಂತೆ ಇತ್ತು. ಆದರೆ ಗೋಪುರ ಬಂದೊಡನೆ ರೈಲಿಗೆ ಎಲ್ಲೋ ನಿಲ್ಲಲು, ಹಿಂದೆ ಸರಿಯಲು, ಹಳಿ ಬದಲಿಸಲು ಕಾರಣ ಸಿಕ್ಕಿತು. ಗೋಪುರದ ಕೆಳಗೆ ಗಾಡಿಯನ್ನು ಸರಿಯಾಗಿ ನಿಲ್ಲಿಸದಿದ್ದರೆ ಕಲ್ಲಿದ್ದಲು ನೆಲದ ಪಾಲು. ಯಂತ್ರ ಆಡುವವರಿಂದ ಕೌಶಲ ಕೇಳಿತು. 1947ರ ಹಾಲಿನ ಗಾಡಿಯ ಮೋಡಿ ಬೇರೆಯದು. ಗುಂಡಿ ಒತ್ತಿದರೆ ಬಾಗಿಲು ತೆರೆದು ಬಿಳಿ ಅಂಗಿಯ ಮನುಷ್ಯನೊಬ್ಬ ಕ್ಯಾನನ್ನು ಪ್ಲಾಟ್‌ಫಾರ್ಮಿಗೆ ತಳ್ಳುತ್ತಾನೆ. ಕಂಪನಿಯ ಅತ್ಯಂತ ಜನಪ್ರಿಯ ಸರಕುಗಳಲ್ಲಿ ಅದೂ ಒಂದಾಯಿತು. ಆದರೆ ಬೆರಳೆಣಿಕೆಯ ಕ್ಯಾನುಗಳು ಮುಗಿದ ಮೇಲೆ ಚಾವಣಿಯ ಮುಚ್ಚಳ ಎತ್ತಿ ಒಂದೊಂದನ್ನೇ ಕೈಯಿಂದ ಒಳಗಿಡಬೇಕು. ಹಾಲು ಬಂದದ್ದೆಲ್ಲಿಂದ, ಹೋಗುವುದೆಲ್ಲಿಗೆ ಎಂಬುದಕ್ಕೆ ಉತ್ತರವಿಲ್ಲ. ಚಂದದ ಆಟ, ಆದರೆ ಅಲ್ಲಿಗೇ ನಿಲ್ಲುವ ಆಟ.

ಇವುಗಳ ಹಿಂದಿನ ವ್ಯಾಪಾರದ ತರ್ಕ ಮುಚ್ಚುಮರೆಯದ್ದಲ್ಲ. ರೈಲು ಸೆಟ್ಟು ಒಂದು ಮನೆಗೆ ಒಮ್ಮೆ ಮಾರಾಟವಾಗುತ್ತದೆ. ವರ್ಷ ವರ್ಷವೂ ಕ್ರಿಸ್‌ಮಸ್‌ಗೆ ಹೊಸದೊಂದನ್ನು ಮಾರಬೇಕಾದರೆ ಪಕ್ಕದ ಪರಿಕರಗಳು ಬೇಕು. ಪ್ರತಿಸ್ಪರ್ಧಿ ಎ.ಸಿ. ಗಿಲ್ಬರ್ಟ್‌ನ ಅಮೆರಿಕನ್ ಫ್ಲೈಯರ್ ಕೂಡ ಅದೇ ಹಾದಿ ಹಿಡಿಯಿತು. ಇದಕ್ಕೆ ಎದುರಾಗಿ, ಅಳತೆಗೆ ಸರಿಯಾದ ಮಾದರಿಗಳನ್ನು ಕಟ್ಟುವ ಹವ್ಯಾಸಿಗಳ ಇನ್ನೊಂದು ಪಂಥ ಬೆಳೆಯುತ್ತಿತ್ತು. 1934ರಲ್ಲಿ ಮಿಲ್ವಾಕಿಯಿಂದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹೊರಟಿತು, ಮರುವರ್ಷ ಅಲ್ಲೇ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ರಂಗಭೂಮಿಯ ಹಿನ್ನೆಲೆಯ ಫ್ರಾಂಕ್ ಎಲಿಸನ್ 1940ರ ದಶಕದಲ್ಲಿ ಆ ಪತ್ರಿಕೆಯಲ್ಲಿ ಬರೆಯುತ್ತ ಮಾದರಿ ರೈಲುಮಾರ್ಗವನ್ನು ನಾಟಕವೆಂದೇ ಕಂಡರು: ಹಳಿಯೇ ರಂಗ, ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ. ಈ ಪಂಥದವರು ಮುಂದೆ ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಬರೆದಿಟ್ಟರು. ಯಾವ ಕಾರ್ಖಾನೆಯಿಂದ ಯಾವ ಊರಿಗೆ, ಖಾಲಿಯೋ ಭರ್ತಿಯೋ ಎಂಬುದೆಲ್ಲ ಅದರಲ್ಲಿ. ಎಲಿವೇಟರು ದುಡ್ಡು ಸುರಿದು ಕೊಟ್ಟ ‘ನಿಲ್ಲಲು ಕಾರಣ’ವನ್ನು ಒಂದು ಕಾಗದದ ಚೂರು ಪುಕ್ಕಟೆಯಾಗಿ ಕೊಟ್ಟಿತು. ದುಬಾರಿ ಪರಿಕರಗಳ ವಿರುದ್ಧ ಇದಕ್ಕಿಂತ ಬಲವಾದ ವಾದ ನನಗೆ ಕಾಣುವುದಿಲ್ಲ. ಕಲ್ಪನೆಯಿಂದಲೇ ಗಾಡಿ ತುಂಬುವವರಿಗೆ ಬಕೀಟಿನ ಸರಪಳಿ ಯಾಕೆ?

ಹಾಗಿದ್ದರೆ ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್ ಜಗತ್ತನ್ನೇ ಸೆಳೆದದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಅವಳಿ ಸಹೋದರರಾದ ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ 2001ರಲ್ಲಿ ತೆರೆದ ಆ ಪ್ರದರ್ಶನದಲ್ಲಿ ರೈಲಿಗಿಂತ ಉಳಿದ ಚಲನೆಯೇ ಹೆಚ್ಚು ಮಾತಿಗೆ ಬರುತ್ತದೆ. ನೋಡುಗರು ಒತ್ತಲೆಂದೇ ನೂರಾರು ಗುಂಡಿಗಳಿವೆ, ಒಂದು ಗುಂಡಿಗೆ ಚಾಕೊಲೇಟೂ ಬರುತ್ತದೆ. 2011ರಲ್ಲಿ ಸೇರಿದ ವಿಮಾನ ನಿಲ್ದಾಣಕ್ಕೆ ಆರು ವರ್ಷ ಹಿಡಿಯಿತು, ಸುಮಾರು 35 ಲಕ್ಷ ಯೂರೋ ಖರ್ಚಾಯಿತು. ಬ್ಲ್ಯಾಕ್ ಫಾರೆಸ್ಟ್‌ನ ಗ್ಯೂಟೆನ್‌ಬಾಖ್ ಊರಿನ ಫಾಲರ್ ಕಂಪನಿ, ರಸ್ತೆಯಡಿ ಹುದುಗಿಸಿದ ತಂತಿಯನ್ನು ಅಯಸ್ಕಾಂತದಿಂದ ಹಿಂಬಾಲಿಸುವ ಕಾರುಗಳನ್ನು 1989ರಲ್ಲೇ ಮಾರುಕಟ್ಟೆಗೆ ತಂದಿತ್ತು. ಹ್ಯಾಂಬರ್ಗಿನವರು ಆ ತತ್ತ್ವವನ್ನು ಕಂಪ್ಯೂಟರಿನ ಹತೋಟಿಗೆ ತಂದು ಎಲ್ಲಿಗೋ ಒಯ್ದರು. ಇಷ್ಟೆಲ್ಲ ನಿಜವಾದರೂ ಅದು ಮನೆಯವರಿಗೆ ಸಾಕ್ಷ್ಯವಾಗುವುದಿಲ್ಲ. ಅಲ್ಲಿ ಯಂತ್ರ ಒಂದೇ, ನೋಡುವವರು ದಿನವೂ ಹೊಸಬರು. ಮನೆಯಲ್ಲಿ ನೋಡುವವರು ಅವರೇ, ಹೊಸತಾಗಬೇಕಾದದ್ದು ಯಂತ್ರ. ಆ ಪ್ರದರ್ಶನ ಕೋವೆನ್ನರ ಅಂಗಡಿ ಗಾಜಿನದೇ ಮಹಾವಿಸ್ತಾರ. ತಿಂಗಳಿಗೊಮ್ಮೆ ಮನೆಯ ಲೇಔಟನ್ನು ನೆಂಟರಿಷ್ಟರಿಗೆ, ಮಕ್ಕಳಿಗೆ ತೆರೆದು ತೋರಿಸುವವರಿಗೆ ಮಾತ್ರ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಅವರು ತಿರುಗುವ ರಾಟವಾಳವೊಂದನ್ನು ಧಾರಾಳವಾಗಿ ಕೊಳ್ಳಲಿ.

ಬೆಲೆಯ ಮಾತಿಗೆ ಬರೋಣ. ಚಲನೆ ಈಗ ಬಹಳ ಅಗ್ಗ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂಬತ್ತು ಗ್ರಾಂ ತೂಕದ ಸರ್ವೋ ಮೋಟಾರು ನೂರು ಇನ್ನೂರು ರೂಪಾಯಿಗೆ ಸಿಗುತ್ತದೆ. ಜೊತೆಗೊಂದು ಆರ್ಡುಯಿನೊ ಮಾದರಿಯ ಬೋರ್ಡಿದ್ದರೆ ಗೇಟು ಏರಿಳಿಯುತ್ತದೆ, ಶೆಡ್ಡಿನ ಬಾಗಿಲು ತೆರೆಯುತ್ತದೆ, ಸಿಗ್ನಲ್ಲಿನ ಕೈ ಬಾಗುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ನಿಖರತೆ. 90 ಅಡಿಯ ಟರ್ನ್‌ಟೇಬಲ್ಲು, ಅಂದರೆ ಎಂಜಿನ್ನನ್ನು ನಿಲ್ಲಿಸಿ ತಿರುಗಿಸುವ ಸೇತುವೆ, 87ರಲ್ಲಿ ಒಂದು ಪಾಲಿನ ಎಚ್‌ಒ ಅಳತೆಯಲ್ಲಿ ಸುಮಾರು 31.5 ಸೆಂಟಿಮೀಟರ್. ಮಧ್ಯದಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೆ ತುದಿಯಲ್ಲಿ ಹಳಿ 2.7 ಮಿಲಿಮೀಟರಿನಷ್ಟು ಆಚೀಚೆಯಾಗುತ್ತದೆ. ಆ ಹಳಿಯ ತಲೆಯ ಅಗಲವೇ ಒಂದು ಮಿಲಿಮೀಟರಿನ ಆಸುಪಾಸು. ಎಂಜಿನ್ನು ಹಳಿ ತಪ್ಪುವುದು ಖಂಡಿತ. ಅಗ್ಗದ ಸರ್ವೋಗೆ ಒಂದು ಡಿಗ್ರಿಯ ಅಲುಗಾಟ ಸಹಜ, ಅದು ಪೂರ್ತಿ ಸುತ್ತು ತಿರುಗುವುದೂ ಇಲ್ಲ. ಹತ್ತಿಪ್ಪತ್ತು ಹಳಿಗಳಿಗೆ, ಎರಡೂ ದಿಕ್ಕಿನಿಂದ, ಡಿಗ್ರಿಯ ಹತ್ತನೇ ಒಂದು ಪಾಲಿನೊಳಗೆ ಬಂದು ನಿಲ್ಲುವ ಗೇರು, ಬೇರಿಂಗು, ಸೆನ್ಸರುಗಳಿಗೆ ವಾಲ್ದರ್ಸ್ ಅಥವಾ ಮೇರ್ಕ್ಲಿನ್ ಕಂಪನಿಗಳು ನೂರಾರು ಡಾಲರ್, ಯೂರೋ ಕೇಳಿದರೆ ಅದು ಹಗಲುದರೋಡೆಯಲ್ಲ. ರೈಲಿನ ಮುಂದಿನ ನಡೆಯೂ ಅದರ ಮೇಲೆ ನಿಂತಿದೆ: ಯಾವ ಎಂಜಿನ್ನು ಯಾವ ಶೆಡ್ಡಿಗೆ, ಯಾವುದು ಮೊದಲು ಹೊರಗೆ. ಕೈಗೆ ಎಟುಕದ ಮೂಲೆಯಲ್ಲಿ ಹಳಿ ಬದಲಿಸುವ ಪಾಯಿಂಟುಗಳಿಗೆ ಹಾಕುವ ನಿಧಾನಗತಿಯ ಮೋಟಾರಿಗೂ ಇದೇ ನ್ಯಾಯ. ಎಟುಕುವಲ್ಲಿ ಬೆರಳೇ ಸಾಕು.

ನಿಜವಾದ ಟರ್ನ್‌ಟೇಬಲ್‌ಗಳನ್ನೇ ಎಷ್ಟೋ ಕಡೆ ಆಳುಗಳು ಕೈಯಿಂದ ನೂಕುತ್ತಿದ್ದರಲ್ಲ, ಮಾದರಿಗೇಕೆ ಮೋಟಾರು ಎಂಬ ಆಕ್ಷೇಪವಿದೆ. ನೂಕುತ್ತಿದ್ದುದು ನಿಜ. ಆದರೆ ಅವರು ಸೇತುವೆಯ ತುದಿಯಲ್ಲೇ ನಿಂತು ಹಳಿಗೆ ಹಳಿ ಕೂಡುವುದನ್ನು ಕಣ್ಣಾರೆ ಕಂಡು ಅಗುಳಿ ಹಾಕುತ್ತಿದ್ದರು; ಮಾದರಿಯ ಮೇಲೆ ನಮ್ಮ ಕೈ ಅವರಿಗಿಂತ 87 ಪಟ್ಟು ದೊಡ್ಡದು. ಗಾಳಿಯಂತ್ರ, ಕ್ರೇನುಗಳ ಪರ ವಾದಿಸುವವರು ಜೀವಂತಿಕೆಯ ಮಾತೆತ್ತುತ್ತಾರೆ. ಇಲ್ಲಿ ಭೌತಶಾಸ್ತ್ರವೇ ಅಡ್ಡ ಬರುತ್ತದೆ. ನಿಜದಲ್ಲಿ 8.7 ಮೀಟರ್ ಎತ್ತರದಿಂದ ಬೀಳುವ ಕಲ್ಲಿದ್ದಲಿಗೆ 1.3 ಸೆಕೆಂಡು ಬೇಕು. ಮಾದರಿಯ ಹತ್ತು ಸೆಂಟಿಮೀಟರಿಗೆ 0.14 ಸೆಕೆಂಡು ಸಾಕು. ಅಳತೆ 87 ಪಟ್ಟು ಕುಗ್ಗಿದರೆ ಬೀಳುವ ಕಾಲ ಒಂಬತ್ತು ಪಟ್ಟು ಮಾತ್ರ ಕುಗ್ಗುತ್ತದೆ, ಆದರೂ ಕಣ್ಣಿಗೆ ಮಾತ್ರ ಪಟಕ್ಕನೆ ಉದುರಿದಂತೆ. ಕ್ರೇನಿನ ದಾರಕ್ಕೆ ನೇರವಾಗಿ ಜೋತುಬೀಳುವಷ್ಟು ಭಾರ ಸಿಗದೆ ಅದು ಸುರುಳಿ ಸುತ್ತಿಕೊಳ್ಳುತ್ತದೆ. ನಿಧಾನವಾಗಿ ತಿರುಗುವ ಗಾಳಿಯಂತ್ರ ಮಾತ್ರ ದೊಡ್ಡದೆನಿಸುತ್ತದೆ. ಬರುವ ಬಹುಪಾಲು ಮೋಟಾರುಗಳೋ ಅದನ್ನು ಮಿಕ್ಸಿಯ ಬ್ಲೇಡಿನಂತೆ ತಿರುಗಿಸುತ್ತವೆ.

ಬೆಸುಗೆ ಹಾಕಲು, ಕೋಡ್ ಬರೆಯಲು ಬಾರದವರು ಏನು ಮಾಡಬೇಕು ಎಂಬುದು ಹೆಚ್ಚು ಗಟ್ಟಿಯಾದ ಪ್ರಶ್ನೆ. ಅಂಥವರಿಗೆ ಸಿದ್ಧವಸ್ತುವಿನ ಬೆಲೆಯಲ್ಲಿ ಸಮಯವೂ ಸೇರಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಭಾರತದಲ್ಲಿ ಕೊಳ್ಳುವವರ ಲೆಕ್ಕಕ್ಕೆ ಇನ್ನೊಂದು ಬಾಬ್ತು ಸೇರುತ್ತದೆ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಳತೆ ಮಾದರಿಗಳೂ ಅದೇ ಸುಂಕ ಶೀರ್ಷಿಕೆಯಡಿ ಬರುತ್ತವೆ. ಸಾಗಣೆ, ಜಿಎಸ್‌ಟಿ ಬೇರೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದಿಳಿಯುವಷ್ಟರಲ್ಲಿ ಬೆಲೆ ಸಲೀಸಾಗಿ ದುಪ್ಪಟ್ಟಾಗಬಹುದು. ಕೆಟ್ಟರೆ ವಾಪಸು ಕಳಿಸುವುದು ದೂರದ ಮಾತು. ಸೊಲೆನಾಯ್ಡಿನ ಕಾವಲುಗಾರನನ್ನು ಎಪ್ಪತ್ತು ವರ್ಷದ ಮೇಲೂ ಸುರುಳಿ ಮರುಸುತ್ತಿ ಎಬ್ಬಿಸಬಹುದು. ಒಂದೇ ಕಂಪನಿಯ ಚಿಪ್ಪನ್ನು ನಂಬಿದ ಇಂದಿನ ಡಿಜಿಟಲ್ ಕ್ರೇನಿನ ಬೋರ್ಡು ಸುಟ್ಟಾಗ ಅದೇ ಬೋರ್ಡು ಮಾರುಕಟ್ಟೆಯಲ್ಲಿ ಉಳಿದಿರಬೇಕು. ಹಾಗಾಗಿ ಟರ್ನ್‌ಟೇಬಲ್ಲನ್ನೇ ಕೊಳ್ಳುವಾಗಲೂ ಮೋಟಾರು ಮತ್ತು ನಿಯಂತ್ರಣ ಫಲಕಗಳನ್ನು ಬಿಚ್ಚಿ ಬೇರೆಯದನ್ನು ಕೂರಿಸಲು ಬರುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಬಾರದಿದ್ದರೆ ಅದೇ ದುಡ್ಡಿಗೆ ಇನ್ನೊಂದು ಒಳ್ಳೆಯ ಎಂಜಿನ್ನು ಬರುತ್ತದೆ.