ಸೂತ್ರ ಬಂದರೂ ಲೆಕ್ಕ ಬಾರದೇಕೆ?

ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಊರಿನ ಮಕ್ಕಳಿಗೆ ಭೌತಶಾಸ್ತ್ರ ಅಪರಿಚಿತವೇನಲ್ಲ. ಬಾವಿಯ ರಾಟೆ, ಚಕ್ಕಡಿಯ ಗಾಲಿ, ಹೊಲದ ಪಂಪ್‌ಸೆಟ್ಟು, ಬ್ರೇಕು ಹಾಕಿದೊಡನೆ ಮುಂದಕ್ಕೆ ಮುಗ್ಗರಿಸುವ ಬಸ್ಸಿನ ಪ್ರಯಾಣಿಕರು, ಇವೆಲ್ಲ ಅವರ ಕಣ್ಣೆದುರಿನ ಪಾಠಗಳೇ. ಆದರೂ ಪರೀಕ್ಷೆಯಲ್ಲಿ ಲೆಕ್ಕ ಕಂಡೊಡನೆ ಅನೇಕರ ಪೆನ್ನು ನಿಂತುಬಿಡುತ್ತದೆ. ‘ಸೂತ್ರ ಎಲ್ಲಾ ಬಾಯಿಪಾಠ ಅದಾವು, ಯಾವುದು ಹಚ್ಚಬೇಕೋ ತಿಳಿಯಂಗಿಲ್ಲ’ ಎಂಬುದು ಅವರ ಗೋಳು.

ತಪ್ಪು ಎಲ್ಲಿದೆ? ಸೂತ್ರವನ್ನು ಮೊದಲು ಹುಡುಕುವುದರಲ್ಲಿದೆ. ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಪ್ರಕಟವಾದ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ ನಾಲ್ಕು ಹೆಜ್ಜೆಗಳನ್ನು ಹೇಳಿದ್ದಾರೆ. ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಅದರಂತೆ ಮಾಡುವುದು, ಕೊನೆಗೆ ಹಿಂತಿರುಗಿ ನೋಡುವುದು. ನಮ್ಮ ಮಕ್ಕಳು ಹೆಚ್ಚಾಗಿ ಮೂರನೆಯ ಹೆಜ್ಜೆಗೇ ಹಾರಿ, ಅಲ್ಲಿಯೇ ನಿಲ್ಲುತ್ತಾರೆ.

ಒಂದು ಲೆಕ್ಕ ನೋಡೋಣ. ಬಸ್ಸೊಂದು ಗಂಟೆಗೆ 54 ಕಿ.ಮೀ. ವೇಗದಲ್ಲಿ ದುಂಡಸಿಯ ಕಡೆಗೆ ಬರುತ್ತಿದೆ. ಚಾಲಕ 50 ಮೀಟರ್ ಮುಂದೆ ಎಮ್ಮೆಯನ್ನು ಕಂಡು ಬ್ರೇಕು ಹಾಕುತ್ತಾನೆ. ಬಸ್ಸು ಒಂದೇ ಸಮನೆ ನಿಧಾನವಾಗಿ 5 ಸೆಕೆಂಡಿನಲ್ಲಿ ನಿಲ್ಲುತ್ತದೆ. ಎಮ್ಮೆ ಉಳಿಯಿತೇ?

ಮೊದಲು ಒಂದು ಗೆರೆ ಎಳೆದು ಬಸ್ಸು, ಎಮ್ಮೆ ಎರಡನ್ನೂ ಗುರುತಿಸಿ. ಕೊಟ್ಟಿರುವುದನ್ನೂ ಕೇಳಿರುವುದನ್ನೂ ಬರೆಯಿರಿ. ಆಮೇಲೆ ಮಾನಗಳನ್ನು ಹೊಂದಿಸಿ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಬಸ್ಸಿನ ವೇಗ 15ರಿಂದ ಸೊನ್ನೆಗೆ ಇಳಿಯುವುದರಿಂದ ಸರಾಸರಿ ವೇಗ 7.5. ಅದನ್ನು 5 ಸೆಕೆಂಡಿನಿಂದ ಗುಣಿಸಿದರೆ 37.5 ಮೀಟರ್. ಎಮ್ಮೆ ಉಳಿಯಿತು!

ಮಾನ ಬದಲಿಸುವುದನ್ನು ಮರೆತವನಿಗೆ ಉತ್ತರ 135 ಬರುತ್ತದೆ, ಕಾಗದದ ಮೇಲೆ ಎಮ್ಮೆ ಸಾಯುತ್ತದೆ. ಇದನ್ನು ಸಣ್ಣ ತಪ್ಪೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ನಾಸಾ ಮಂಗಳಕ್ಕೆ ಕಳುಹಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರ್‌ನಲ್ಲಿ ನಾಶವಾದದ್ದು ಇಂಥ ತಪ್ಪಿನಿಂದಲೇ. ಒಂದು ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಲೆಕ್ಕದವೆಂದು ತಿಳಿದಿತ್ತು.

ಇನ್ನು ಹಿಂತಿರುಗಿ ನೋಡುವ ಹೆಜ್ಜೆ. ಎಮ್ಮೆ ಕಂಡ ಕ್ಷಣದಲ್ಲೇ ಚಾಲಕನ ಕಾಲು ಬ್ರೇಕಿನ ಮೇಲಿರುತ್ತದೆಯೇ? ಅದಕ್ಕೆ ಒಂದು ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ ಬಸ್ಸು 15 ಮೀಟರ್ ಓಡಿರುತ್ತದೆ. ಒಟ್ಟು 52.5 ಮೀಟರ್. ಈಗ ಎಮ್ಮೆ ಉಳಿಯಲಿಲ್ಲ! ಸೂತ್ರ ಸುಳ್ಳಾಗಲಿಲ್ಲ, ನಾವು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಎದುರಿಗೆ ಬಂದಿತು, ಅಷ್ಟೆ. ವೇಗ ಅರ್ಧವಾದರೆ, ಅದೇ ಬ್ರೇಕಿಗೆ, ಬ್ರೇಕು ಹಿಡಿದ ಮೇಲೆ ಓಡುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ನಿಧಾನವಾಗಿ ಓಡಿಸಿ ಎನ್ನುವುದರ ಹಿಂದಿನ ಭೌತಶಾಸ್ತ್ರ ಇದೇ.

ಓದು ಬಾರದ ಪಾಲಕರು ಇದರಲ್ಲಿ ಏನು ಮಾಡಬಹುದು? ಮಗಳು ಲೆಕ್ಕ ಹಿಡಿದು ಕುಳಿತಾಗ ‘ಏನ ಕೊಟ್ಟಾರವ್ವಾ? ಏನ ಕೇಳ್ಯಾರ? ಬಂದ ಉತ್ತರ ಖರೇ ಅನಸ್ತದೇನು?’ ಎಂದು ಕೇಳಿದರೂ ಸಾಕು. 20 ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು 1 ಎಚ್.ಪಿ. ಪಂಪಿಗೆ ಸುಮಾರು ನಾಲ್ಕೂವರೆ ನಿಮಿಷ ಬೇಕೆಂದು ಮಗಳು ಲೆಕ್ಕ ತೆಗೆಯಬಹುದು. ‘ಅಷ್ಟರಾಗ ಎಲ್ಲಿ ತುಂಬತೈತಿ, ಹೆಚ್ಚ ಹೊತ್ತ ಬೇಕ’ ಎಂದು ಅಪ್ಪ ನಗಬಹುದು. ಇಬ್ಬರ ಮಾತೂ ಸರಿಯೇ. ಪೈಪಿನ ಘರ್ಷಣೆ, ಪಂಪಿನ ಬಿಸಿ ಇವುಗಳಲ್ಲಿ ಕಳೆದುಹೋಗುವ ಶಕ್ತಿ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಆ ವ್ಯತ್ಯಾಸ ಏಕೆಂದು ಅಪ್ಪ, ಮಗಳು ಕೂಡಿ ಹುಡುಕಿದರೆ ಅದೇ ಮುಂದಿನ ಪಾಠ.

ಬಾಯಿಪಾಠ ಮಾಡಿದ ಸೂತ್ರ ಪರೀಕ್ಷೆಯ ಗಾಬರಿಯಲ್ಲಿ ಮರೆಯಬಹುದು. ಕಣ್ಣಾರೆ ಕಂಡ ಬಸ್ಸು, ಬಾವಿ ಮರೆಯುವುದಿಲ್ಲ. ಇಂದೇ ಒಂದು ಲೆಕ್ಕಕ್ಕೆ ಮೊದಲು ಚಿತ್ರ ಬರೆದು ನೋಡಿ.